ಎಲ್ಲರಿಗೂ ಹಾಜರಿ

ಏಪ್ರಿಲ್ 22, ಬುಧವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬಂದರು ಊರಾದ ಮೊಕ್ಪೊದ ಪೊಲೀಸ್ ಠಾಣೆಯ ಸೈಬರ್ ವಿಭಾಗಕ್ಕೆ ದೂರು ಬಂತು. ದೂರುದಾರರು ಮೊ ಜೆಯುನ್, ಊರಾಚೆಯ ಹನ್‌ಬ್ಯೊಲ್ ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕಾ ಕೇಂದ್ರದ ಮುಖ್ಯಸ್ಥರು. ಹಿಂದಿನ ದಿನ ಸಂಜೆ ನಾಲ್ಕರ ಸುಮಾರಿಗೆ ‘ವೃದ್ಧರ ಕಲ್ಯಾಣ’ ಎಂಬ ಕೋರ್ಸಿನ ಅಷ್ಟೂ ವಿಡಿಯೊ ಪಾಠಗಳನ್ನು ಯಾರೋ ಅಳಿಸಿಹಾಕಿದ್ದರು.

ಇನ್ಸ್‌ಪೆಕ್ಟರ್ ತಾಕ್ ಗ್ಯೊಂಗ್‌ಮೊ ದೂರನ್ನು ಎರಡು ಸಲ ಓದಿ, ಎದುರು ಕೂತಿದ್ದ ಮೊ ಅವರನ್ನು ಕೇಳಿದರು.

“ನಕಲು ಇಟ್ಟಿಲ್ವಾ?”

“ಇದೆ. ಬೇರೆ ಸರ್ವರ್‌ನಲ್ಲಿ. ವಾಪಸ್ ತರೋಕೆ ಎರಡು ದಿನ ಬೇಕು.”

“ಹಾಗಾದ್ರೆ ಇಷ್ಟು ಗಾಬರಿ ಯಾಕೆ?”

“ಮುಂದಿನ ವಾರ ಪರೀಕ್ಷೆ ಸರ್. ಓದೋರೆಲ್ಲ ಕೆಲಸಕ್ಕೆ ಹೋಗೋ ಜನ. ಪಾಠ ನೋಡದಿದ್ರೆ ಗೈರುಹಾಜರಿ. ನಾಲ್ಕು ವಾರ ಗೈರಾದ್ರೆ ಕೋರ್ಸೇ ಹೋಯ್ತು, ಅದಿಲ್ಲದೆ ಸಮಾಜ ಕಾರ್ಯಕರ್ತರ ಲೈಸೆನ್ಸ್ ಸಿಗಲ್ಲ. ಅದೂ ಅಲ್ದೆ ನಮ್ಮ ಪ್ರೊಫೆಸರ್ ಯೊಮ್ ಸರ್ ಪಾಠ ಅದು. ಹೋದ ವರ್ಷ ಪ್ರಶಸ್ತಿ ಬಂದಿತ್ತು.”

“ಯಾರ ಖಾತೆಯಿಂದ ಅಳಿಸಿದ್ದು?”

ಮೊ ಕನ್ನಡಕ ತೆಗೆದು ಒರೆಸಿಕೊಂಡರು. “ಯೊಮ್ ಸರ್ ಖಾತೆಯಿಂದಲೇ.”

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಕಂಪ್ಯೂಟರ್ ದಾಖಲೆ ನಾಶಪಡಿಸಿ ಸಂಸ್ಥೆಯ ಕೆಲಸಕ್ಕೆ ಅಡ್ಡಿಪಡಿಸಿದ ಆರೋಪ. ತಾಕ್ ಮತ್ತು ಕಾನ್‌ಸ್ಟೆಬಲ್ ಓಕ್ ಸೆರಿನ್ ಹನ್ನೊಂದಕ್ಕೆ ಮಹಜರಿಗೆಂದು ವಿಶ್ವವಿದ್ಯಾಲಯ ತಲುಪಿದರು.

ಪ್ರೊಫೆಸರ್ ಯೊಮ್ ಗಿತೆಕ್ ಅವರ ಕೊಠಡಿ ಐದನೇ ಮಹಡಿಯಲ್ಲಿತ್ತು. ಎರಡು ಕಿಟಕಿ, ಸಮುದ್ರ ಕಾಣುತ್ತಿತ್ತು. ಕಪಾಟಿನಲ್ಲಿ ಆರ್ಕಿಡ್ ಕುಂಡಗಳು. ಮೇಜಿನ ಮೇಲೆ ಕಂಪ್ಯೂಟರ್ ಇತ್ತು, ಅದರ ಕೀಲಿಮಣೆಯ ಮೇಲೆ ತೆಳುವಾಗಿ ಧೂಳು ಕೂತಿತ್ತು.

“ನಿಮ್ಮ ಖಾತೆ ಒಮ್ಮೆ ತೆರೆದು ತೋರಿಸ್ತೀರಾ ಸರ್?” ತಾಕ್ ಕೇಳಿದರು.

“ನಾನು ಅದನ್ನೆಲ್ಲ ಮುಟ್ಟಲ್ಲಪ್ಪ. ನಮ್ಮ ಹುಡುಗರು ನೋಡ್ಕೋತಾರೆ.” ಯೊಮ್ ಬಾಗಿಲ ಕಡೆ ತಿರುಗಿ ಕೂಗಿದರು. “ಉನ್‌ಸೊಲ್, ಬಾಮ್ಮ ಇಲ್ಲಿ.”

ಪಕ್ಕದ ಸಂಶೋಧನಾ ಕೊಠಡಿಯಿಂದ ಪ್ಯೊ ಉನ್‌ಸೊಲ್ ಬಂದಳು. ಮೂವತ್ತಾರರ ಹೆಂಗಸು, ಪಿಎಚ್‌ಡಿ ವಿದ್ಯಾರ್ಥಿನಿ, ಹನ್ನೊಂದು ವರ್ಷದಿಂದ ಅಲ್ಲೇ ಇದ್ದು ಆ ಕೊಠಡಿಯ ಹಿರಿಯಳು. ನಿಂತಲ್ಲೇ ಬಾಗಿ ಪ್ರೊಫೆಸರರ ಗುಪ್ತಪದ ಒತ್ತಿದಳು. ದೃಢೀಕರಣದ ಅಂಕಿ ಅವಳದೇ ಮೊಬೈಲಿಗೆ ಬಂತು. ಅದನ್ನೂ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಸಂಶೋಧನಾ ಕೊಠಡಿಗೆ ಕಿಟಕಿ ಇರಲಿಲ್ಲ. ಐದು ಮೇಜು, ಗೋಡೆಗೊರಗಿಸಿದ ಒಂದು ಮಡಿಸುವ ಮಂಚ, ನೂಡಲ್ಸ್ ಕಪ್ಪುಗಳ ಕಟ್ಟು. ಐದು ಕಂಪ್ಯೂಟರ್‌ಗಳೂ ಪ್ರೊಫೆಸರರ ಹೆಸರಿನಲ್ಲಿ ತೆರೆದಿದ್ದವು. ಮಂಗಳವಾರವೂ ಹಾಗೇ ಇದ್ದವಂತೆ. ಹೊರಗಿನಿಂದ ನೋಡಿದರೆ ಐದಕ್ಕೂ ಒಂದೇ ಇಂಟರ್ನೆಟ್ ವಿಳಾಸ.

“ಅವರ ಗುಪ್ತಪದ ನಿಮಗೆಲ್ಲ ಯಾರು ಕೊಟ್ಟರು?” ಓಕ್ ಕೇಳಿದಳು.

ಕಿರಿಯನೊಬ್ಬ ನಕ್ಕ. “ಇಲ್ಲಿಗೆ ಸೇರಿದ ದಿನ ಮೇಜು, ಒಳಗೆ ಹಾಕೋ ಚಪ್ಪಲಿ, ಸರ್ ಗುಪ್ತಪದ, ಮೂರನ್ನೂ ಕೊಡ್ತಾರೆ ಮೇಡಂ. ನಿಮ್ಮ ಠಾಣೇಲಿ ಹಾಗಲ್ವಾ?”

“ನಮ್ಮಲ್ಲಿ ಚಪ್ಪಲಿ ಕೊಡಲ್ಲ,” ಎಂದಳು ಓಕ್.

ಸಂಜೆಯವರೆಗೆ ಐವರ ಹೇಳಿಕೆ ಪಡೆದರು. ಯಾರೂ ಏನೂ ನೋಡಿರಲಿಲ್ಲ. ವಾಪಸ್ ಬರುವಾಗ ಓಕ್ ಕಾರಿನ ಸ್ಟಿಯರಿಂಗ್ ತಟ್ಟಿದಳು.

“ಐದು ಜನ, ಒಂದೇ ಹೆಸರು. ಯಾರನ್ನ ಅಂತ ಹಿಡಿಯೋದು ಸರ್?”

“ಮೊದಲು ಊಟ ಮಾಡು,” ಎಂದರು ತಾಕ್.

ಗುರುವಾರ ಬೆಳಿಗ್ಗೆ ಠಾಣೆಯ ಬಾಗಿಲಲ್ಲಿ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಬೊಂಗ್ ಮಲ್‌ಸುಕ್, ವಯಸ್ಸು ಐವತ್ತೆಂಟು, ಬಂದರಿನ ಮಾರುಕಟ್ಟೆಯಲ್ಲಿ ಆಕ್ಟೋಪಸ್ ವ್ಯಾಪಾರ. ಅದೇ ಕೋರ್ಸಿನ ವಿದ್ಯಾರ್ಥಿನಿ.

“ಸಾಹೇಬ್ರೆ, ನಾನೇನೂ ಮಾಡಿಲ್ಲ. ಮೊದಲೇ ಹೇಳ್ಬಿಡ್ತೀನಿ.”

“ಏನಾಯ್ತಮ್ಮ?”

“ನನ್ನ ಯಜಮಾನ್ರಿಗೆ ಆಪರೇಷನ್ ಆಯ್ತು. ಐದನೇ ವಾರ, ಆರನೇ ವಾರ ಪಾಠ ನೋಡೇ ಇಲ್ಲ. ನಿನ್ನೆ ತೆಗೆದು ನೋಡಿದ್ರೆ ಪಾಠ ಒಂದೂ ಇಲ್ಲ, ಹಾಜರಿ ಮಾತ್ರ ಪೂರ್ತಿ. ಹದಿನೈದನೇ ವಾರದ್ದೂ ಹಾಕಿದಾರೆ. ಹದಿನೈದನೇ ವಾರ ಜೂನ್‌ನಲ್ಲಿ ಅಲ್ವಾ ಬರೋದು? ಸೊಸೆ ಹೆದರಿಸಿದ್ಳು, ಅತ್ತೆ ನಿಮ್ಮನ್ನ ಒಳಗೆ ಹಾಕ್ತಾರೆ ಅಂತ.”

“ಯಾರನ್ನಾದ್ರೂ ಕೇಳಿದ್ರಾ?”

“ಪ್ರೊಫೆಸರ್‌ಗೇ ಬರೆದೆ. ಯಾವತ್ತೂ ಆ ದಿನಾನೇ ಉತ್ತರ ಬರ್ತಿತ್ತು. ಆಪರೇಷನ್ ದಿನ ಏನು ಬರೆದಿದ್ರು ಗೊತ್ತಾ? ‘ಪಾಠ ಆಮೇಲೆ ನೋಡಿ, ಮೊದಲು ನೀವು ಏನಾದ್ರೂ ತಿನ್ನಿ’ ಅಂತ. ಅಂಥ ದೊಡ್ಡ ಮನುಷ್ಯ. ಈ ಸಲ ಉತ್ತರಾನೇ ಇಲ್ಲ.”

ತಾಕ್ ಮೊ ಅವರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಆಕೆಗೆ ಮಾತ್ರವಲ್ಲ, ಕೋರ್ಸಿನ ಪ್ರತಿಯೊಬ್ಬರಿಗೂ ಕೊನೆಯ ವಾರದವರೆಗೆ ಹಾಜರಿ ಬಿದ್ದಿತ್ತು. ಒಬ್ಬೊಬ್ಬರ ಪುಟ ತೆರೆದು ಕೈಯಿಂದಲೇ ಹಾಕಿದ್ದು. ಮಂಗಳವಾರ ಊಟದ ಹೊತ್ತಿಗೆ ಶುರುವಾದ ಕೆಲಸ, ಪಾಠ ಅಳಿಸುವ ಸ್ವಲ್ಪ ಮುಂಚೆ ಮುಗಿದಿತ್ತು.

“ಅಳಿಸೋಕೆ ನಾಲ್ಕು ನಿಮಿಷ,” ತಾಕ್ ಹೇಳಿದರು. “ಅದಕ್ಕೆ ಮುಂಚೆ ಮೂರು ಗಂಟೆ ಕೂತು ಎಲ್ಲರನ್ನೂ ದಡ ಸೇರಿಸಿದಾರೆ. ಹಾಳು ಮಾಡೋಕೆ ಬಂದೋರು ಇಷ್ಟು ಕಷ್ಟಪಡ್ತಾರಾ?”

“ವಿದ್ಯಾರ್ಥಿಗಳ ಮೇಲೆ ಸಿಟ್ಟಿಲ್ಲ,” ಎಂದಳು ಓಕ್.

“ಸಿಟ್ಟಿಲ್ಲ ಅಷ್ಟೇ ಅಲ್ಲ. ಆ ವಿದ್ಯಾರ್ಥಿಗಳು ಯಾರು ಅಂತ ಅಳಿಸಿದೋರಿಗೆ ಗೊತ್ತು.”

ಹನ್ನೊಂದೂವರೆಗೆ ಇಬ್ಬರೂ ಮತ್ತೆ ಕಿಟಕಿಯಿಲ್ಲದ ಕೊಠಡಿಯಲ್ಲಿದ್ದರು. ಐವರೂ ಎದ್ದು ನಿಂತರು. ತಾಕ್ ಒಂದೇ ಪ್ರಶ್ನೆ ಕೇಳಿದರು.

“ಪ್ರೊಫೆಸರ್ ಹೆಸರಲ್ಲಿ ವಿದ್ಯಾರ್ಥಿಗಳಿಗೆ ಉತ್ತರ ಬರೆಯೋದು ಯಾರು?”

ನಾಲ್ವರು ತಮ್ಮ ಚಪ್ಪಲಿ ನೋಡಿಕೊಂಡರು. ನಿನ್ನೆ ನಕ್ಕಿದ್ದ ಕಿರಿಯ ಮೆಲ್ಲಗೆ, “ಅಕ್ಕ, ನೀವು ಸುಮ್ನಿರಿ,” ಎಂದ. ಅಂದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯಿತು.

ಪ್ಯೊ ಉನ್‌ಸೊಲ್ ಕುರ್ಚಿಯ ಮೇಲಿನ ಸ್ವೆಟರ್ ತೆಗೆದುಕೊಂಡಳು. “ಇವರದೇನೂ ಇಲ್ಲ ಸರ್. ನಡೀರಿ.”

ಠಾಣೆಯ ವಿಚಾರಣಾ ಕೊಠಡಿಯಲ್ಲಿ ಆಕೆ ವಕೀಲರು ಬೇಡವೆಂದಳು. ಬಾರ್ಲಿ ಟೀ ಕುಡಿದಳು. ಕೇಳಿದ್ದಕ್ಕೆ ಮಾತ್ರ ಉತ್ತರಿಸಿದಳು.

“ಆ ಪಾಠಗಳು ಯಾರವು?”

“ಬರೆದಿದ್ದು ನಾನು. ಮುಖ, ದನಿ ಸರ್‌ದು. ಒಂದು ದಿನ ಕ್ಯಾಮೆರಾ ಮುಂದೆ ಕೂತಿದ್ರು. ಆಮೇಲೆ ನಾನು ಬರಹ ಹಾಕಿದ್ರೆ ಪರದೆ ಮೇಲಿನ ಸರ್ ಓದ್ತಾರೆ. ಕೇಂದ್ರದವರು ಹೊಸದಾಗಿ ತಂದ ಸಾಫ್ಟ್‌ವೇರ್.”

“ಪ್ರೊಫೆಸರ್ ಅವನ್ನ ನೋಡಿದಾರಾ?”

“ಮೊದಲನೇದು ನೋಡಿದ್ರು. ಕೂದಲು ಚೆನ್ನಾಗಿ ಬಂದಿದೆ ಅಂದ್ರು.”

ಓಕ್ ನಗು ತಡೆದುಕೊಂಡಳು. ಉನ್‌ಸೊಲ್ ತಡೆದುಕೊಳ್ಳಲಿಲ್ಲ, ಸಣ್ಣದಾಗಿ ನಕ್ಕಳು.

“ಮಂಗಳವಾರವೇ ಯಾಕೆ?”

ನಗು ಹೋಯಿತು. “ಸೋಮವಾರ ಕೊನೇ ದಿನ ಆಗಿತ್ತು.”

ಆಕೆ ವಿವರಿಸಿದಳು. ಪಿಎಚ್‌ಡಿ ತರಗತಿಗಳು ಮುಗಿದ ಮೇಲೆ ಪ್ರಬಂಧ ಸಲ್ಲಿಸಲು ಇಂತಿಷ್ಟು ವರ್ಷವೆಂದು ಮಿತಿಯಿದೆ. ಮಿತಿ ದಾಟಿದರೆ ‘ವ್ಯಾಸಂಗ ಮುಗಿಸಿದವರು’ ಎಂಬ ಹೆಸರು ಉಳಿಯುತ್ತದೆ, ಪದವಿ ಎಂದೆಂದಿಗೂ ಇಲ್ಲ. ಅವಳ ಮಿತಿ ಸೋಮವಾರ ಸಂಜೆ ಆರಕ್ಕೆ ಮುಗಿಯಿತು. ಪ್ರಬಂಧ ಎರಡು ವರ್ಷದಿಂದ ಸಿದ್ಧವಿತ್ತು. ಸಲ್ಲಿಸಲು ಮಾರ್ಗದರ್ಶಕರಾದ ಪ್ರೊಫೆಸರರು ಸಹಿಯ ಬದಲು ಒತ್ತುವ ಮುದ್ರೆ ಬೇಕಿತ್ತು.

“ಕೇಳಲಿಲ್ವಾ?”

“ಪ್ರತಿ ಸೆಮಿಸ್ಟರ್ ಕೇಳಿದೆ. ಇನ್ನೊಂದು ಸೆಮಿಸ್ಟರ್ ಇರಮ್ಮ, ಕೋರ್ಸ್ ಒಂದು ದಾರಿಗೆ ಬರಲಿ ಅಂತಿದ್ರು. ಸೋಮವಾರ ಐದು ಗಂಟೆಗೂ ಹೋದೆ. ಆರ್ಕಿಡ್‌ಗೆ ನೀರು ಹಾಕ್ತಿದ್ರು. ಪದವಿ ಯಾಕಮ್ಮ, ಇಲ್ಲೇ ಇದ್ದೀಯಲ್ಲ, ಮುಂದಿನ ವರ್ಷ ವಿಯೆಟ್ನಾಮ್ ಭಾಷೇಲೂ ಪಾಠ ಮಾಡೋಣ ಅಂದ್ರು.”

ತಾಕ್ ಪೆನ್ನು ಕೆಳಗಿಟ್ಟರು. “ಆ ಮುದ್ರೆ ಯಾರ ಹತ್ರ ಇರುತ್ತೆ?”

“ನನ್ನ ಡ್ರಾಯರ್‌ನಲ್ಲಿ. ಅಲ್ಲಿನ ಎಲ್ಲ ಕಾಗದಕ್ಕೂ ಒತ್ತೋದು ನಾನೇ.”

“ಹಾಗಿದ್ರೆ ಇದಕ್ಕೂ ಒತ್ತಬಹುದಿತ್ತು. ಅವರು ನೋಡ್ತಾನೂ ಇರಲಿಲ್ಲ.”

“ಇದೊಂದನ್ನ ಅವರೇ ಒತ್ತಲಿ ಅಂದ್ಕೊಂಡೆ ಸರ್.”

ತಾಕ್ ಅದನ್ನು ಹೇಳಿಕೆಯಲ್ಲಿ ಬರೆಸಿದರು. ಆಕೆ ಪ್ರತಿ ಪುಟ ಓದಿ, ಠಾಣೆಯ ನಿಯಮದಂತೆ ಹೆಬ್ಬೆಟ್ಟು ಒತ್ತಿದಳು.

ತಪ್ಪೊಪ್ಪಿಗೆ ಇದೆ, ಮನೆ ವಿಳಾಸವಿದೆ, ಬಿಟ್ಟು ಕಳಿಸಬಹುದು ಎಂದು ತಾಕ್ ಮೇಲಧಿಕಾರಿಗೆ ಹೇಳಿದರು. ಮೇಲಧಿಕಾರಿಗೆ ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಫೋನ್ ಬಂದಿತ್ತು. ಆ ವಿಭಾಗದ ಬೀಗದ ಕೈಗಳೆಲ್ಲ ಇವಳ ತಲೆಯಲ್ಲೇ ಇವೆ, ಹೊರಗಿದ್ದರೆ ಇನ್ನೇನು ಅಳಿಸುತ್ತಾಳೋ ಎಂದು ಅವರು ಅಂಜಿದ್ದರು. ಕಾಗದದ ಮೇಲೆ ಅದು ನ್ಯಾಯವಾದ ಕಾರಣವೇ. ಸಂಜೆ 5.40ಕ್ಕೆ ಬಂಧನ ದಾಖಲಾಯಿತು. ತಾಕ್ ಹಕ್ಕುಗಳನ್ನು ಓದಿ ಹೇಳಿದರು. ಬಂಧಿತರ ಕೋಣೆಯಲ್ಲೂ ಕಿಟಕಿ ಇರಲಿಲ್ಲ. ಉನ್‌ಸೊಲ್ ಸ್ವೆಟರ್ ಮಡಿಸಿ ಬೆನ್ನಿಗಿಟ್ಟುಕೊಂಡು ಕೂತಳು, ಅಂಥ ಕೋಣೆಯಲ್ಲಿ ಕೂರುವುದು ಅಭ್ಯಾಸವಾಗಿ ಹೋದವರ ಹಾಗೆ.

ವರದಿಯಲ್ಲಿ ಉದ್ದೇಶ ಬರೆಯಲು ಒಂದೇ ಸಾಲಿನ ಜಾಗವಿರುತ್ತದೆ. ‘ಪದವಿ ಸಿಗದ ಅಸಮಾಧಾನ’ ಎಂದು ಓಕ್ ಟೈಪ್ ಮಾಡಿದ್ದಳು. ತಾಕ್ ಅದನ್ನು ಅಳಿಸಿ, ‘ಹನ್ನೊಂದು ವರ್ಷ ಮತ್ತೊಬ್ಬರ ಹೆಸರಿನಲ್ಲಿ ಕೆಲಸ ಮಾಡಿದ ನಂತರ, ಹೊರಹೋಗುವ ಗಡುವು ಮುಗಿದದ್ದು’ ಎಂದು ತಿದ್ದಿದರು. ಜಾಗ ಸಾಲದೆ ಅಕ್ಷರ ಚಿಕ್ಕದು ಮಾಡಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಮೊ ಫೋನ್ ಮಾಡಿ, ಪಾಠಗಳೆಲ್ಲ ವಾಪಸ್ ಬಂದವೆಂದು ತಿಳಿಸಿದರು. ಆಕೆ ಹಾಕಿದ್ದ ಹಾಜರಿ ರದ್ದಾಗಿತ್ತು. ಹೆಸರು, ದನಿ, ಕೂದಲು ಹಿಂದಿನಂತೆಯೇ ಇದ್ದವು. ತಾಕ್ ಗಂಜಿಯ ಬಟ್ಟಲು ಹಿಡಿದು ಕೋಣೆಯ ಬಳಿಗೆ ಹೋದಾಗ ಅದನ್ನೂ ಹೇಳಿದರು.

“ಎಲ್ಲವೂ ಬಂದವಾ?” ಉನ್‌ಸೊಲ್ ಕೇಳಿದಳು.

“ಒಂದೂ ಬಿಡದೆ.”

ಆಕೆ ಬಟ್ಟಲು ತೆಗೆದುಕೊಂಡಳು. ಎರಡು ಚಮಚ ತಿಂದು ನಿಲ್ಲಿಸಿದಳು.

“ಒಂಬತ್ತನೇ ಪಾಠದಲ್ಲಿ ಪಿಂಚಣಿ ವಯಸ್ಸು ತಪ್ಪು ಬಿದ್ದಿದೆ ಸರ್. ಈ ವಾರ ತಿದ್ದಬೇಕು ಅಂತಿದ್ದೆ. ಪರೀಕ್ಷೆಗೆ ಅದು ಬಂದೇ ಬರುತ್ತೆ. ಯಾರಿಗಾದ್ರೂ ಹೇಳಿಬಿಡಿ.”

ಹೇಳುತ್ತೇನೆ ಎಂದು ತಾಕ್ ಒಪ್ಪಿಕೊಂಡರು. ಮೇಜಿಗೆ ಬಂದು ಫೋನ್ ಎತ್ತಿದರು. ಆ ಪಾಠ ತಿದ್ದುವವರು ಇನ್ನು ಯಾರೆಂದು ತಿಳಿಯದೆ ಅದನ್ನು ಕೈಯಲ್ಲೇ ಹಿಡಿದು ಕೂತರು.