ಇವರ ಗುರುತು ನನಗಿಲ್ಲ

"ಏಯ್! ಬಾಯಿ ಮ್ಯಾಲ ಬೆರಳು!"

ಹೇಳಿ ಮುಗಿಸುವಷ್ಟರಲ್ಲಿ ಗೌತಮಿಯ ಮುಖ ಕೆಂಪಾಯಿತು.

ಅಯ್ಯೋ ದೇವರೇ... ಇದು ತಾನು ಕಲಿಸುವ ಬಾಲವಾಡಿಯಲ್ಲ, ಪಣಜಿಯ ಮೈದಾನ! ಹಿಂದೆ ನಿಂತು ಕೂಗುತ್ತಿದ್ದವನು ನಾಲ್ಕು ವರ್ಷದ ಮಗುವಲ್ಲ, ಆರಡಿಯ ಗಂಡಸು!

ಅವನು ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ನಿಜವಾಗಿಯೂ ತುಟಿಯ ಮೇಲೆ ಬೆರಳಿಟ್ಟುಕೊಂಡ.

2009ರ ಡಿಸೆಂಬರ್ ಅದು. 'ಖಾರೆ ವಾರೆ' ಎಂಬ ಹೊಸ ಬ್ಯಾಂಡಿನ ಹಾಡು ಗೋವಾದ ಅರ್ಧ ಮೊಬೈಲುಗಳಲ್ಲಿ ರಿಂಗ್‌ಟೋನ್ ಆಗಿತ್ತು. ಅವರ ಮೊದಲ ದೊಡ್ಡ ಕಾರ್ಯಕ್ರಮಕ್ಕೆ ಗೌತಮಿ ಎರಡು ವಾರ ಮೊದಲೇ ಟಿಕೆಟ್ ತಂದಿಟ್ಟಿದ್ದಳು. ಆದರೆ ಮೂರು ಹಾಡು ಮುಗಿದರೂ ಹಾಡುವವನ ಒಂದು ಮಾತೂ ಕೇಳಿಸಲಿಲ್ಲ. ಬರೀ ಡ್ರಮ್ಮಿನ ಗುದ್ದು. ಮೇಲೆ ಈ ಮನುಷ್ಯನ ಕೂಗು!

"ತಪ್ಪಾತ್ರಿ," ಎಂದ ಅವನು. "ಹಾಡಾವ್ರ ಮೈಕ್ ಕೈಕೊಟ್ಟೈತಿ. ವೈರ್ ಬದಲ್ ಮಾಡಂತ ನಮ್ಮ ಹುಡುಗ ಅಮೀನಪ್ಪಗ ಒದರಾಕತ್ತಿದ್ದೆ. ಸೌಂಡ್ ನಮ್ದ ರೀ."

"ಅಯ್ಯ, ಕನ್ನಡದಾವ್ರೇನ್ರಿ?"

"ನೀವು ಬೈದಿದ್ದೂ ಕನ್ನಡದಾಗ ಅಲ್ರೀ!"

ನಾಲ್ಕನೆಯ ಹಾಡಿಗೆ ದನಿ ತಿಳಿಯಾಗಿ ಬಂತು. ಮೈದಾನವೆಲ್ಲ ವೇದಿಕೆಯ ಕಡೆ ನೋಡಿ ಕುಣಿಯಿತು. ಗೌತಮಿ ಮಾತ್ರ ಹಿಂದೆ ತಿರುಗಿ ಅವನನ್ನು ನೋಡಿದಳು.

ಹೆಸರು ಅನಿಲ. "ಸ್ಪೀಕರ್ ಹೊರತೇನಿ, ವೈರ್ ಸುತ್ತತೇನಿ," ಎಂದು ಸಂಕೋಚವಿಲ್ಲದೆ ಹೇಳಿದ. "ನೀವು?"

'ಇನ್ನೂ ಮಂದಿ ಮಕ್ಕಳ ಮೂಗ ಒರಸಾಕತ್ತೀಯೇನ?' ಎಂದು ಮದುವೆಮನೆಯಲ್ಲಿ ಚಿಕ್ಕಮ್ಮ ಎಲ್ಲರೆದುರು ಕೇಳಿದ್ದು ಗೌತಮಿಗೆ ನೆನಪಾಯಿತು.

"ಸರ್ಕಾರಿ ಆಫೀಸಿನಾಗ ಇದ್ದೇನ್ರಿ," ಎಂದುಬಿಟ್ಟಳು.

ಆಮೇಲೆ ಎಷ್ಟೋ ರವಿವಾರಗಳು ಬಂದವು. ಮಾಂಡವಿ ನದಿ ದಾಟುವ ಫೆರಿ ದೋಣಿಯಲ್ಲಿ ಇಬ್ಬರೂ ಸುಮ್ಮನೆ ಆಚೆ ಹೋಗುವುದು, ಈಚೆ ಬರುವುದು. ಪ್ರತಿ ಸಲವೂ ಅವಳು ಅಂದುಕೊಳ್ಳುತ್ತಿದ್ದಳು... ಇವತ್ತು ನಿಜ ಹೇಳಿಬಿಡಬೇಕು. ಅವನು ನಕ್ಕ ಕೂಡಲೇ ಹೆದರಿಕೆಯಾಗುತ್ತಿತ್ತು. ಈ ನಗು ನಿಂತುಹೋದರೆ?

ಫೆಬ್ರವರಿಯ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ. ಪರ್ವರಿಯ ಬಾಲವಾಡಿಯಲ್ಲಿ ಮಕ್ಕಳನ್ನು ಒಪ್ಪಿಸುವ ಹೊತ್ತು. ಕಾರ್ಡಿನಲ್ಲಿ ಯಾರ ಫೋಟೋ ಇದೆಯೋ ಅವರ ಕೈಗೆ ಮಾತ್ರ ಮಗು, ಅದು ಅಲ್ಲಿನ ನಿಯಮ. ಗೌತಮಿಯ ಕೆನ್ನೆಗೆ ಬಣ್ಣ ಮೆತ್ತಿತ್ತು, ಸೆರಗಿನಲ್ಲಿ ಯಾವುದೋ ಮಗುವಿನ ಸಿಂಬಳವಿತ್ತು.

"ಮಾಮಾ!" ಎಂದು ಪುಟ್ಟ ರಂಜನಾ ಗೇಟಿನತ್ತ ಓಡಿದಳು.

ಗೇಟಿನ ಹೊರಗೆ ಅನಿಲ!

ಅವನ ಕಣ್ಣು ಅಗಲವಾಯಿತು. ಬಾಯಿ ತೆರೆಯುವಷ್ಟರಲ್ಲಿ ಆಯಾ ಭೀಮಿಬಾಯಿ ಅಡ್ಡ ಬಂದಳು. "ಕಾರ್ಡಿನಾಗ ಈ ಮಾರಿ ಇಲ್ಲಲ್ಲ! ಟೀಚರ್, ಇವ್ರ ಗುರುತೈತೇನ್ರಿ ನಿಮಗ?"

ಹತ್ತು ತಾಯಂದಿರು ತಿರುಗಿ ನೋಡಿದರು. ಹೌದೆಂದರೆ 'ಹೆಂಗ?' ಎಂಬ ಪ್ರಶ್ನೆ ಬರುತ್ತದೆ. ಆಫೀಸಿನ ಸುಳ್ಳು ಎಲ್ಲರೆದುರು ಬಿಚ್ಚಿಕೊಳ್ಳುತ್ತದೆ...

"ಇಲ್ಲ," ಎಂದಳು ಗೌತಮಿ. "ಇವರ ಗುರುತು ನನಗಿಲ್ಲ."

"ಹಂಗಾದ್ರ ದೂರ ನಿಂದರ್ರಿ! ಕೂಸು ಕದಿಯಾಕ ಬರೋ ಮಂದಿ ಹಿಂಗ ಇರ್ತಾರ."

ಅನಿಲ ಹಿಂದೆ ಸರಿದ. ಮನೆಗೆಲಸದಲ್ಲಿ ತಡವಾಗಿ ಅವನನ್ನು ಕಳಿಸಿದ್ದ ಅಕ್ಕ, ರಂಜನಾಳ ತಾಯಿ ತುಳಸಿಬಾಯಿ, ಬರುವವರೆಗೆ, ಒಂದು ತಾಸು, ಬಿಸಿಲಿನಲ್ಲಿ ಕಳ್ಳನ ಹಾಗೆ ನಿಂತಿದ್ದ. 'ಇವ್ರಿಗೆ ನಾ ಗೊತ್ತು' ಎನ್ನಬಹುದಿತ್ತು. ಅನ್ನಲಿಲ್ಲ!

ನಿಯಮ ಪಾಲಿಸಿದೆ ಅಷ್ಟೇ, ಎಂದು ಗೌತಮಿ ತನಗೆ ತಾನೇ ಹೇಳಿಕೊಂಡಳು. ಆದರೆ 'ಗುರುತಿನವರೇ, ಕಾರ್ಡಿಲ್ಲ ಅಷ್ಟೇ, ಒಳಗ ಕೂತು ಕಾಯಲಿ' ಎಂದಿದ್ದರೂ ನಿಯಮ ಮುರಿಯುತ್ತಿರಲಿಲ್ಲ.

ರವಿವಾರ ಅವನು ಫೆರಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಸೋಮವಾರ ಮಕ್ಕಳನ್ನು ಒಪ್ಪಿಸುವ ಹೊತ್ತಿಗೆ, ಎಲ್ಲ ತಾಯಂದಿರೂ ಇರುವಾಗ, ಗೌತಮಿ ತುಳಸಿಬಾಯಿಯ ಎದುರು ನಿಂತಳು.

"ಅಕ್ಕಾ, ಅವತ್ತ ನಾ ಸುಳ್ಳು ಹೇಳಿದೆ. ನಿಮ್ಮ ತಮ್ಮ ನನಗ ಚಲೋತ್ನ್ಯಾಗಿ ಗೊತ್ತು. ಎರಡು ತಿಂಗಳಿಂದ ಗೊತ್ತು."

ಭೀಮಿಬಾಯಿ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು.

ತುಳಸಿಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಂದ್ರ ಅವ ಒಂದು ವಾರದಿಂದ ಉಣ್ಣಾಕ ಕುಂತು ಗ್ವಾಡಿ ನೋಡೋದು ನಿಮ್ಮ ಸಲುವಾಗಿ ಏನ್ರಿ? ನನಗ್ಯಾಕ ಹೇಳ್ತೀರಿ ಟೀಚರ್? ಹೋಗ್ರಿ, ಅವಗ ಹೇಳ್ರಿ!"

ಕೆನ್ನೆಯ ಬಣ್ಣ ತೊಳೆಯದೆ ಗೌತಮಿ ಬಸ್ ಹತ್ತಿದಳು. ಪಣಜಿಯ ಸೌಂಡ್ ಅಂಗಡಿಯಲ್ಲಿ ಅನಿಲ ನೆಲದ ಮೇಲೆ ಕುಳಿತು ವೈರ್ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಬಾಲವಾಡಿ ಟೀಚರ್," ಎಂದಳು. "ಆಫೀಸಿಲ್ಲ, ಏನಿಲ್ಲ."

"ನನಗ ಅನುಮಾನ ಇತ್ರಿ. ಫೆರಿಯಾಗ ಒಂದು ಕೂಸು ಚೀರಾಕತ್ತಿತ್ತು, ಎರಡ ನಿಮಿಷದಾಗ ನಗಿಸಿದ್ರಿ. ಆಫೀಸಿನ ಮಂದಿಗೆ ಅದು ಬರಂಗಿಲ್ಲ."

"ಮತ್ತ... ಯಾಕ ಕೇಳಲಿಲ್ಲ?"

"ನೀವ ಹೇಳ್ತೀರಂತ ಕಾದೆ." ವೈರ್ ಸುತ್ತುತ್ತಿದ್ದ ಕೈ ನಿಂತಿತು. "ಕೆಲಸ ಮುಚ್ಚಿಟ್ರ ನನಗೇನೂ ಇಲ್ರಿ. ಅವತ್ತ ನನ್ನನ್ನ ಮುಚ್ಚಿಟ್ರಿ."

ಅವಳ ಕಣ್ಣು ತುಂಬಿತು.

"ಭಾಳ ನಾಚಿಕಿ ಆಗೈತಿ. ನನ್ನ ಕೆಲಸದ ಬಗ್ಗೆ ಅಲ್ಲ, ನನ್ನ ಬಗ್ಗೆನ. ಎಲ್ಲಾರ ಮುಂದ ಹೇಳಿ ಬಂದೇನಿ. ಭೀಮಿಬಾಯಿ ಮುಂದನೂ."

"ಭೀಮಿಬಾಯಿ ಮುಂದ?" ಅವನ ತುಟಿಯ ಅಂಚು ಅಲುಗಿತು. "ಹಂಗಾದ್ರ ಇಷ್ಟೊತ್ತಿಗೆ ಪರ್ವರಿ ತುಂಬ ಗೊತ್ತಾಗಿರ್ತದ!"

"ಆಗಲಿ." ಅವಳು ಅವನೆದುರು ನೆಲದ ಮೇಲೆಯೇ ಕುಳಿತಳು. "ರವಿವಾರ ಅಪ್ಪ ಮನ್ಯಾಗ ಇರ್ತಾರ. ಬರ್ತೀರೇನು?"

"ಬಂದ್ರ, ಯಾರಂತ ಹೇಳ್ತೀರಿ?"

"ನನ್ನವರು ಅಂತ."

ಅನಿಲ ಕೈಯಲ್ಲಿದ್ದ ವೈರ್ ಕೆಳಗಿಟ್ಟ. "ಇನ್ನೊಮ್ಮೆ ಹೇಳ್ರಿ."

"ಯಾಕ, ಕೇಳಿಸ್ಲಿಲ್ಲೇನು?"

"ಕೇಳ್ತು. ಆದ್ರೂ ಹೇಳ್ರಿ..."

"ನನ್ನವರು," ಎಂದಳು ಗೌತಮಿ, ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುವಷ್ಟು ಜೋರಾಗಿ.