ಹನ್ನೊಂದನೆಯ ಮನೆಯ ತಪಾಸಣೆ

ಪರಿಶೀಲಕಿಯ ಹೆಣ ಅಡುಗೆಮನೆಯ ಬಾಗಿಲಲ್ಲಿ ಬೋರಲಾಗಿ ಬಿದ್ದಿತ್ತು. ತಲೆಬುರುಡೆ ಹಿಂಭಾಗದಲ್ಲಿ ಒಡೆದು, ರಕ್ತ ನೆಲಹಾಸಿನ ಸಂದುಗಳಲ್ಲಿ ಹರಿದು ಹೆಪ್ಪುಗಟ್ಟಿತ್ತು. ಬೆಂಕಿಯಲ್ಲಿ ಬೆಂದವರನ್ನು ಎಷ್ಟೋ ಸಲ ಹೊತ್ತು ತಂದಿದ್ದ ಚಾಲಕನೂ ಒಂದು ಹೆಜ್ಜೆ ಹಿಂದೆ ಸರಿದ.

ಅವನು ಮೂವತ್ತು ವರ್ಷ ಅಗ್ನಿಶಾಮಕ ವಾಹನ ಓಡಿಸಿದವನು. ಈಗ, ಅದೇ ದಳದಿಂದ ನಿವೃತ್ತರಾದ ಮೇಡಂ ಜೊತೆ ನೆರಳಿನಂತೆ ಇರುತ್ತಿದ್ದ. ಬೀದಿಯಲ್ಲಿ ಏನೇ ಎಡವಟ್ಟಾದರೂ ಜನ ಮೊದಲು ತಟ್ಟುತ್ತಿದ್ದುದು ಮೇಡಂ ಬಾಗಿಲನ್ನೇ. ಆ ಬೆಳಿಗ್ಗೆ ತಟ್ಟಿದವನು ಮನೆಯೊಡತಿಯ ತಮ್ಮ. "ನಮ್ಮಕ್ಕನಿಗೆ ಬಾಯಿ ಜೋರು ಮೇಡಂ, ಕೈ ಅಲ್ಲ. ಪೊಲೀಸರು ಅವಳೇ ಅಂತ ತೀರ್ಮಾನ ಮಾಡ್ಬಿಟ್ಟಿದಾರೆ," ಎಂದು ಅಂಗಲಾಚಿದ್ದ.

ತೀರ್ಮಾನಕ್ಕೆ ಕಾರಣವಿತ್ತು. ಪ್ರವಾಸಿಗರಿಗೆ ನಾಲ್ಕಾರು ದಿನಕ್ಕೆ ಬಾಡಿಗೆ ಕೊಡುವ ಮನೆಗೆ ನೋಂದಣಿಯಾಗಬೇಕು. ಹೊಗೆ ಸೂಚಕ, ಬೆಂಕಿ ಆರಿಸುವ ಸಿಲಿಂಡರ್, ಹಿಂದೊಂದು ಬಾಗಿಲು ಇರಲೇಬೇಕು. ಆರು ತಿಂಗಳ ಹಿಂದೆ ಈ ಮನೆ ಕೊಂಡ ಒಡತಿ, ಹಜಾರದ ನಡುವೆ ಗೋಡೆ ಎಬ್ಬಿಸಿ ಒಂದು ಕೋಣೆ ಹೆಚ್ಚಿಸಿಕೊಂಡಿದ್ದಳು. ತಪಾಸಣೆಯಾದರೆ ನೋಂದಣಿ ರದ್ದಾದೀತೆಂದು ಹಿಂದಿನ ದಿನವಷ್ಟೇ ಪರಿಶೀಲಕಿಯ ಮೇಲೆ ಕಚೇರಿಯಲ್ಲಿ ಹರಿಹಾಯ್ದಿದ್ದಳು.

ಆ ಗೋಡೆಯ ಮೇಲೆಯೇ, ಅಡುಗೆಮನೆ ಬಾಗಿಲ ಪಕ್ಕಕ್ಕೆ, ಕೆಂಪು ಸಿಲಿಂಡರ್ ತೂಗುತ್ತಿತ್ತು. ತಳ ನೆಗ್ಗಿತ್ತು, ಒರೆಸಿದ್ದರೂ ಅಂಚಿನಲ್ಲಿ ಎರಡು ಕೂದಲು ಅಂಟಿದ್ದವು. ಮೇಡಂ ಮಂಡಿಯೂರಿ ನೆಲ ನೋಡಿದರು. ಹೆಪ್ಪುಗಟ್ಟಿದ ರಕ್ತದ ಮೇಲೆ ಗೋಡೆ ಕೊರೆದ ಬಿಳಿ ಪುಡಿ ಉದುರಿತ್ತು. ಸಿಲಿಂಡರನ್ನು ಅಲ್ಲೇ ಬಿಡುವಂತೆ ಪೊಲೀಸ್ ಅಧಿಕಾರಿಗೆ ಹೇಳಿದರು.

ಮಧ್ಯಾಹ್ನ ಅಕ್ಕ, ತಮ್ಮ, ಪೊಲೀಸರು ಹಜಾರದಲ್ಲಿ ಸೇರಿದರು. ನೋಂದಣಿ ಕಚೇರಿಯಿಂದ ಪರಿಶೀಲಕಿಯ ಮೇಲಧಿಕಾರಿಯೂ ಬಂದ. ಹೋದ ವರ್ಷ ಈ ಮನೆಗೆ ಸುರಕ್ಷತಾ ಪತ್ರ ಕೊಟ್ಟವನು ಅವನೇ. ಆಗ ಖುದ್ದಾಗಿ ನೋಡಿದ್ದಿರಾ ಎಂದು ಮೇಡಂ ವಿಚಾರಿಸಿದರು.

"ನೋಡದೆ ಸಹಿ ಹಾಕ್ತೀನಾ? ಸಿಲಿಂಡರ್ ಆಗಲೂ ಇದೇ ಗೋಡೆ ಮೇಲಿತ್ತು."

ಒಡತಿ ತಲೆಯೆತ್ತಿದಳು. "ಈ ಗೋಡೆ ಕಟ್ಟಿಸಿದ್ದೇ ನಾನು."

ಮೇಡಂ ಬಿಡಿಸಿ ಹೇಳಿದರು. ರಕ್ತದ ಮೇಲೆ ಪುಡಿ ಬಿದ್ದಿದೆ ಎಂದರೆ ಗೋಡೆ ಕೊರೆದದ್ದು ಕೊಲೆಯ ನಂತರ. ಒಡತಿ ಕೊಂದಿದ್ದರೆ ಆಯುಧವನ್ನು ಬಚ್ಚಿಡುತ್ತಿದ್ದಳು. ಅದು ಗೋಡೆಯ ಮೇಲೆ ಕಾಣಲೇಬೇಕಾಗಿದ್ದುದು ಸಹಿ ಹಾಕಿದವನಿಗೆ ಮಾತ್ರ. ಅವನು ಪತ್ರ ಕೊಟ್ಟ ಇನ್ನೊಂದು ಮನೆಯಲ್ಲಿ ಹೊಗೆ ತುಂಬಿ ಮೂವರು ಸತ್ತಿದ್ದರು. ಅಂದಿನಿಂದ ಪರಿಶೀಲಕಿ ಅವನು ಸಹಿ ಹಾಕಿದ ಮನೆಗಳನ್ನೆಲ್ಲ ಹುಡುಕಿಕೊಂಡು ಹೋಗುತ್ತಿದ್ದಳು. ಇದು ಹನ್ನೊಂದನೆಯದು. ಬಾಗಿಲ ಬೀಗ ತೆರೆಯುವ ಸಂಖ್ಯೆ ಕಚೇರಿಯ ಕಡತದಲ್ಲೇ ಇತ್ತು. ಮನೆ ನೋಡದೆಯೇ ಸಿಲಿಂಡರ್ ಇದೆ ಎಂದು ಬರೆದಿದ್ದ ಸುಳ್ಳನ್ನು ನಿಜ ಮಾಡಲು ಅವನು ಸಿಲಿಂಡರ್ ಹೊತ್ತು ಬಂದ. ಪರಿಶೀಲಕಿ ತಪಾಸಣೆಗೆ ಹೇಳಿದ್ದ ಹೊತ್ತಿಗಿಂತ ಮುಂಚೆ ಬಂದು ಅವನನ್ನು ಕಂಡಳು.

"ಹೊಡೆದ ಮೇಲೆ ರಕ್ತ ಆರೋವರೆಗೂ ಇಲ್ಲೇ ಕೂತಿದ್ರಿ," ಎಂದರು ಮೇಡಂ. "ಆಮೇಲೆ ಗೋಡೆ ಕೊರೆದ್ರಿ."

ಅವನು ಸಿಲಿಂಡರ್ ಕಿತ್ತು ಅವರ ತಲೆಗೆ ಬೀಸಿದ. ಚಾಲಕ ತೋಳು ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದು ಅವನ ಕಿವಿಗೇ ಕೇಳಿಸಿತು. ಪೊಲೀಸರು ಮೇಲೆ ಬಿದ್ದು, ಆ ಮನುಷ್ಯನ ಹಲ್ಲುಗಳು ನೆಲಕ್ಕೆ ಚೆಲ್ಲುವಂತೆ ಕೆಡವಿದರು.

ಸಂಜೆ, ಪಟ್ಟಿ ಕಟ್ಟಿಸಿಕೊಂಡು ಬಂದ ಚಾಲಕ ಗೇಟಿನಲ್ಲಿ ನಿಂತಿದ್ದ. ಮೊದಲೇ ಕಾದಿರಿಸಿದ್ದ ಕುಟುಂಬವೊಂದು ಮಕ್ಕಳ ಸಮೇತ ಕಾರಿನಲ್ಲಿ ಬಂತು. ಮನೆ ಕೊಡಲಾಗುವುದಿಲ್ಲ ಎಂದಾಗ ಅಪ್ಪನಾದವನು ಬಾಯಿಗೆ ಬಂದಂತೆ ಬೈದ. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಪುಟ್ಟಿಯನ್ನೇ ನೋಡುತ್ತ ಚಾಲಕ ಅಷ್ಟನ್ನೂ ಕೇಳಿಸಿಕೊಂಡ. ಕಾರು ತಿರುಗಿ ಹೋಗುವವರೆಗೆ ಗೇಟು ಬಿಟ್ಟು ಕದಲಲಿಲ್ಲ.