ಗೆದ್ದಲ ಆದೆಪ್ಪನ ಹಗೇವು

ಮನೆ ಮಾರಲು ಹೊರಟ ಆದೆಪ್ಪನಿಗೆ ದೇವದುರ್ಗದ ಜನ ಇಟ್ಟ ಹೆಸರು ‘ಗೆದ್ದಲ ಆದೆಪ್ಪ’. ಆ ಹೆಸರು ಬರಲು ಕಾರಣ ಮನೆ ಕಟ್ಟುವ ಗೌಂಡಿ ವೆಂಕೋಬ. ಮನೆ ಕೊಳ್ಳುವವರೆಲ್ಲ ಮೊದಲು ಅವನನ್ನು ಕರೆತಂದು ತೋರಿಸುತ್ತಿದ್ದರು. ಅವನು ಗೆದ್ದಲು ತಿಂದ ತೊಲೆಗೆ ಮೊಳೆ ಚುಚ್ಚಿ ಹಿಟ್ಟು ಉದುರಿಸಿದ, ಗೋಡೆಯ ಬಿರುಕಿನಲ್ಲಿ ಬೆರಳಿಟ್ಟ, ಮಾಳಿಗೆ ಸೋರಿದ ಕಲೆಗಳನ್ನು ಎಲ್ಲರೆದುರು ತೋರಿಸಿದ. ಎರಡು ವ್ಯಾಪಾರ ಮುರಿದವು. ಸಂತೆಯಲ್ಲಿ ನಗದವರೇ ಇರಲಿಲ್ಲ. ಆದೆಪ್ಪನಿಗೆ ಈಗ ಮನೆ ಮಾರುವುದು ಬೇಕಿರಲಿಲ್ಲ, ವೆಂಕೋಬ ಸಾಯಬೇಕಿತ್ತು.

ಉಪಾಯ ಪಡಸಾಲೆಯ ನೆಲದಡಿಯಲ್ಲೇ ಇತ್ತು. ಜೋಳ ತುಂಬಿಡುವ ಹಗೇವು, ಎರಡಾಳು ಆಳದ ಗುಂಡಿ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ, ಅವಸರಪಟ್ಟು ಇಳಿದವರು ಮೇಲೆ ಬರುವುದಿಲ್ಲ ಎಂದು ಅವನು ಕೇಳಿದ್ದ. ತಾನು ಎಂದೂ ಇಳಿದವನಲ್ಲ, ಅದೆಲ್ಲ ಆಳುಗಳ ಕೆಲಸ. ಕೆಲಸ ಪಕ್ಕಾ ಆಗಲೆಂದು ನೆನೆಸಿದ ಜೋಳದ ಎರಡು ಚೀಲ ಹಗ್ಗ ಕಟ್ಟಿ ಇಳಿಬಿಟ್ಟು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದ. ತಿಂಗಳಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಳಿಯದೆ ಹಗ್ಗ ಹಿಡಿದು ಚೀಲಗಳನ್ನು ಮೇಲೆಳೆದು ತಿಪ್ಪೆಯಲ್ಲಿ ಹೂತು, ಮತ್ತೆ ಮುಚ್ಚಿದ. ಯುದ್ಧದ ಕಾಲ. ಸರ್ಕಾರ ಮನೆಮನೆಯಿಂದ ಕಡ್ಡಾಯವಾಗಿ ಲೆವಿ ಜೋಳ ಎಳೆಯುತ್ತಿತ್ತು, ಬಚ್ಚಿಟ್ಟ ಕಾಳು ಸಿಕ್ಕರೆ ಜೈಲು. ಕೊಲೆಯಲ್ಲಿ ಪಾರಾಗಿ ಜೋಳಕ್ಕೆ ಸಿಕ್ಕಿಬೀಳುವಷ್ಟು ದಡ್ಡ ತಾನಲ್ಲ ಎಂದು ನಕ್ಕ.

ಮಾನ್ವಿಯಿಂದ ಕೊಳ್ಳುವವರು ಬಂದರು, ಜೊತೆಗೆ ವೆಂಕೋಬ. ಕೊಳೆತ ಜೋಳದ ಹುಳಿ ವಾಸನೆ ಅಡಗಲೆಂದು ಆದೆಪ್ಪ ಪಡಸಾಲೆಗೆಲ್ಲ ಲೋಬಾನದ ಹೊಗೆ ಹಾಕಿದ್ದ. ತೊಲೆ, ಗೋಡೆ ಮುಗಿದು ಹಗೇವಿನ ಸರದಿ ಬಂತು. ತಳದಲ್ಲಿ ತೇವ ಇದೆಯೇ ಎಂದು ಇಳಿದೇ ನೋಡುವ ಹಟಮಾರಿ ವೆಂಕೋಬ.

“ಕಾಳು ಅದಾವೇನು ಇದರಾಗ?” ಎಂದ.

“ಮೂರು ವರ್ಷದಿಂದ ಖಾಲಿ ಅದ,” ಎಂದ ಆದೆಪ್ಪ.

ಗಾಳಿ ಕೆಟ್ಟಿದೆಯೇ ಎಂದು ಮೊದಲು ದೀಪ ಇಳಿಸಿ ನೋಡುತ್ತೇನೆ ಎಂದು ವೆಂಕೋಬ ಅಂದರೆ, ಸೀಮೆಎಣ್ಣೆ ಇಲ್ಲವೆನ್ನಲು ಆದೆಪ್ಪ ಸಿದ್ಧನಾಗಿದ್ದ. ವೆಂಕೋಬ ದೀಪ ಕೇಳಲೇ ಇಲ್ಲ, ಬಂಡೆ ಸರಿಸಿದ್ದೇ ಇಳಿದುಬಿಟ್ಟ. ಸೊಕ್ಕು ನೆತ್ತಿಗೇರಿದೆ ಎಂದುಕೊಂಡ ಆದೆಪ್ಪ. ಕೆಳಗಿನಿಂದ ಒಂದು ಕೆಮ್ಮು ಬಂತು, ಆಮೇಲೆ ಏನೂ ಬರಲಿಲ್ಲ.

ಜನ ಸೇರಿ ದೀಪ ಇಳಿಸಿದರು, ಅದು ಆರಿತು. ಗಾಳಿಯಾಡಿದ ಮೇಲೆ ಹೆಣ ತೆಗೆದಾಗ ಆದೆಪ್ಪ ಎಲ್ಲರಿಗಿಂತ ಜೋರಾಗಿ ಅತ್ತ. ಪೊಲೀಸ್ ಅಮೀನ ಬಂದು, ಕೆಟ್ಟ ಗಾಳಿಯಿಂದ ಸಾವು ಎಂದು ಬರೆಸಿ, ಕಾಳು ಬಚ್ಚಿಟ್ಟಿದ್ದೆಯಾ ಎಂದು ಗದರಿದ. ಇದಕ್ಕೇ ಕಾದಿದ್ದ ಆದೆಪ್ಪ, ಮೂರು ವರ್ಷದಿಂದ ಇದರಲ್ಲಿ ಒಂದು ಕಾಳೂ ಬಿದ್ದಿಲ್ಲ ಎಂದು ಅದನ್ನೂ ಬರೆಸಿ ಹೆಬ್ಬೆಟ್ಟು ಒತ್ತಿದ. ಗುಂಪಿನಲ್ಲಿ ಹುಲಗೆಮ್ಮ ನಿಂತಿದ್ದಳು, ಊರವರ ಹಗೇವು ತುಂಬಿ ತೆಗೆಯುತ್ತಲೇ ಮುದುಕಿಯಾದ ಕೂಲಿಯವಳು. ಅವಳು ಅಮೀನನಿಗೆ ಹೇಳಿದಳು: “ಸಾಹೇಬ್ರ, ಗಾಳಿ ಕೆಡೋದು ಕಾಳಿನಿಂದರೀ. ಖಾಲಿ ಹಗೇವಿಗೆ ನಾವ್ಯಾರೂ ದೀಪ ಇಳಸಂಗಿಲ್ಲ, ಹಂಗ ಇಳೀತೀವಿ. ಮೂರು ವರ್ಷ ಖಾಲಿ ಇದ್ರ ಈ ಗೌಂಡಿ ಹೆಂಗ ಸತ್ತ?”